ಆಯ್ತು ಸಾರ್, ನೀವು ಹೇಳ್ದಂಗೆ...

2025ರ ಫೆಬ್ರವರಿ. ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಸ್ವಲ್ಪ ಅಡ್ಡಾಗಬೇಕು ಅನ್ನುವಷ್ಟರಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರು. ಯಾವುದೋ ಬ್ಯಾಂಕಿನವರು ಲೋನ್ ಬೇಕಾ ಅಂತ ಕೇಳೋಕೆ ಮಾಡಿರಬೇಕು ಅಂದುಕೊಂಡೇ ಎತ್ತಿದೆ.

"ಸಾರ್ ನಮಸ್ಕಾರ, ನಾನು ಜಗಳೂರು ಕಡೆಯೋನು. ನಮ್ಮಪ್ಪಗೆ ನೀವು ಹುಣಸೆ ಗಿಡ ಕೊಟ್ಟಿದ್ರಂತೆ. ಭಾಳ ಹಿಂದೆ."

ತೋಟಗಾರಿಕೆ ಇಲಾಖೆಯಿಂದ ನಾನು ನಿವೃತ್ತನಾಗಿದ್ದು 2019ರಲ್ಲಿ. ಮೂವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಗಿಡ ಹಂಚಿದ್ದೇನೋ ಲೆಕ್ಕವಿಲ್ಲ (ಲೆಕ್ಕ ಇದೆ, ದಾಸ್ತಾನು ವಹಿಯಲ್ಲಿ!). ಆದರೂ ಹುಣಸೆ, ಜಗಳೂರು ಅಂದ ಕೂಡಲೇ ಆ ಮನುಷ್ಯನ ಮುಖ ಕಣ್ಣ ಮುಂದೆ ಬಂತು. ಅಪ್ಪ ಹೇಗಿದಾರೆ ಅಂತ ಕೇಳಿದೆ. ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಆಮೇಲೆ ಹುಡುಗ ವಿಷಯಕ್ಕೆ ಬಂದ. "ಬೋರ್ ಹಾಕಿಸ್ದೆ ಸಾರ್, ನೀರು ಬಿದ್ದೈತೆ. ಅಡಿಕೆ ಹಾಕಣ ಅಂತ ಮಾಡೀನಿ. ನೀವು ಏನ್ ಹೇಳ್ತೀರಿ?"

ನನಗೆ ಮಾತೇ ಹೊರಡಲಿಲ್ಲ. ಜೀವಮಾನವೆಲ್ಲ ಸಂಬಳ ತಗೊಂಡಿದ್ದೇ ಇಂಥ ಪ್ರಶ್ನೆಗೆ ಉತ್ತರ ಹೇಳೋಕೆ! "ಯೋಚನೆ ಮಾಡಿ ಹೇಳ್ತೀನಪ್ಪಾ, ನಾಳೆ ಮಾಡು" ಅಂದು ಇಟ್ಟೆ. ಅವತ್ತು ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೇಜಾರಾದರೆ ಕ್ಷಮಿಸಿ, ರಿಟೈರಾದವರ ಕಥೆ ಯಾವಾಗಲೂ ಉದ್ದ.

ನಾನು ಕೆಲಸಕ್ಕೆ ಸೇರಿದ್ದು 1986ರಲ್ಲಿ, ಜಗಳೂರಿಗೆ. ಆಗಿನ್ನೂ ದಾವಣಗೆರೆ ಜಿಲ್ಲೆ ಆಗಿರಲಿಲ್ಲ, ಅದಾಗಿದ್ದು 1997ರಲ್ಲಿ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ನಮ್ಮೂರಿರುವ ಚನ್ನಗಿರಿ ಶಿವಮೊಗ್ಗಕ್ಕೆ. ಸಂತೆಬೆನ್ನೂರು ಸೀಮೆಯ ಮಾವಿನ ತೋಪು, ಸೂಳೆಕೆರೆ ನೀರು, ಭದ್ರಾ ಕಾಲುವೆ ನೋಡಿ ಬೆಳೆದವನು ನಾನು. ದಾವಣಗೆರೆಯಿಂದ ಬಸ್ಸು ಹತ್ತಿ ಜಗಳೂರಿನಲ್ಲಿ ಇಳಿದ ದಿನ ಗಾಬರಿಯಾಗಿದ್ದೆ. ಐವತ್ತು ಅರವತ್ತು ಕಿಲೋಮೀಟರಿಗೆ ದೇಶವೇ ಬದಲಾದ ಹಾಗೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಶೇಂಗಾ, ಜೋಳ, ಈರುಳ್ಳಿ. ನಾನು ಹೋದ ಹೊತ್ತಿಗೆ ಸಾಲಾಗಿ ಬರದ ವರ್ಷಗಳು. 1987 ಅಂತೂ ದೇಶಕ್ಕೇ ಬರ ಬಿದ್ದ ವರ್ಷ.

ಆಗ ನನ್ನ ತಲೆ ತುಂಬ ಡಾ. ಎಂ.ಎಚ್. ಮರಿಗೌಡರು. ಅವರ ಹೆಸರು ಕೇಳದೆ ನಮ್ಮ ಇಲಾಖೆಯಲ್ಲಿ ಯಾರೂ ಬೆಳೆಯಲಿಲ್ಲ. ಹಾರ್ವರ್ಡಿನಲ್ಲಿ ಓದಿ ಬಂದು, 1963ರಿಂದ 1974ರವರೆಗೆ ಇಲಾಖೆಯ ನಿರ್ದೇಶಕರಾಗಿದ್ದವರು. ತೋಟಗಾರಿಕೆ ಅಂದರೆ ಲಾಲ್‌ಬಾಗಿನ ಹೂವು, ನೀರಿದ್ದವರ ತೋಟ ಅಂತ ಇದ್ದ ಕಾಲದಲ್ಲಿ ತಾಲೂಕು ತಾಲೂಕಿಗೂ ತೋಟಗಾರಿಕೆ ಕ್ಷೇತ್ರ, ಸಸ್ಯಕ್ಷೇತ್ರ ಮಾಡಿಸಿದರು. ಒಣಭೂಮಿಯಲ್ಲೂ ಹಣ್ಣಿನ ಗಿಡ ಬರುತ್ತೆ ಅಂತ ಹಟ ಹಿಡಿದು ತೋರಿಸಿದರು. ಮಾವು, ಹುಣಸೆ, ನೇರಳೆ, ಬಾರೆ, ಸೀತಾಫಲ. ಇವು ಮೊದಲ ಎರಡು ಮೂರು ಬೇಸಿಗೆ ದಾಟಿಬಿಟ್ಟರೆ ಆಮೇಲೆ ತಮ್ಮ ನೀರನ್ನ ತಾವೇ ಹುಡುಕಿಕೊಳ್ಳುತ್ತವೆ. ಆ ಎರಡು ಮೂರು ಬೇಸಿಗೆ ದಾಟಿಸೋಕೆ ಗಿಡದ ಪಕ್ಕ ಒಂದು ಮಡಕೆ ಹೂಳೋದು, ತಳದಲ್ಲಿ ತೂತು ಮಾಡಿ ಬತ್ತಿ ಇಡೋದು, ಆಗಾಗ ತುಂಬಿಸೋದು.

ಈ ಮಡಕೆ ಪಾಠವನ್ನ ನಾನು ಬಿಳಿಚೋಡು ಕಡೆಯ ಒಂದು ಹಳ್ಳಿಯಲ್ಲಿ ಬಹಳ ಉಮೇದಿನಿಂದ ಹೇಳುತ್ತಿದ್ದೆ. ಹೊಸ ಅಂಗಿ, ಕೈಯಲ್ಲಿ ಕರಪತ್ರ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಅಜ್ಜಿ ಕೇಳಿದಳು, "ಸಾಹೇಬ್ರೆ, ಕುಡಿಯಾಕೆ ತರಾ ನೀರಿಗೇ ಮನ್ಯಾಗೆ ಮಡಕಿಲ್ಲ. ಗಿಡಕ್ಕೆ ಎಲ್ಲಿಂದ ತರಣ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಲೇಜಿನಲ್ಲಿ ವಿಸ್ತರಣೆ ಅಂತ ಒಂದು ವಿಷಯವೇ ಇತ್ತು ನಮಗೆ, ಈ ಪ್ರಶ್ನೆ ಮಾತ್ರ ಸಿಲಬಸ್‌ನಲ್ಲಿ ಇರಲಿಲ್ಲ.

ಸಭೆ ಮುಗಿದ ಮೇಲೆ ಒಬ್ಬ ರೈತ ಹಿಂದೆ ಉಳಿದ. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಅವನಿಗೆ ಮೂರು ಎಕರೆ ಖುಷ್ಕಿ. ಅದರಲ್ಲೊಂದು ಎಕರೆಯಲ್ಲಿ ಬಾವಿ ತೋಡಿಸಬೇಕು, ಸಾಲ ತೆಗೆಯಬೇಕು ಅಂತ ಓಡಾಡುತ್ತಿದ್ದ. ಬೇಡ ಯಜಮಾನ್ರೇ, ಸಾಲ ಮಾಡಿ ನೀರಿನ ಹಿಂದೆ ಓಡಬೇಡಿ, ಹುಣಸೆ ಹಾಕಿ ಅಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಆಯ್ತು ಸಾರ್, ನೀವು ಹೇಳ್ದಂಗೆ" ಅಂದ.

1988ರ ಮಳೆಗಾಲದಲ್ಲಿ ಹತ್ತು ಮೀಟರ್ ಅಂತರದಲ್ಲಿ ನಲವತ್ತು ಗಿಡ ಹಾಕಿಸಿದೆವು. ಸಸಿಗಳನ್ನ ನನ್ನ ಲೂನಾದ ಮುಂದೆ ಹಿಂದೆ ಕಟ್ಟಿಕೊಂಡು ನಾಲ್ಕು ಟ್ರಿಪ್ ಹೊಡೆದಿದ್ದೆ, ಜನ ಎದ್ದು ನಿಂತು ನೋಡುತ್ತಿದ್ದರು :) ಅವನು, ಅವನ ಹೆಂಡತಿ ಎರಡು ಬೇಸಿಗೆ ತಲೆ ಮೇಲೆ ನೀರು ಹೊತ್ತರು. ಮೂವತ್ತೊಂದು ಉಳಿದವು. ನನಗೆ 1993ರಲ್ಲಿ ವರ್ಗವಾದಾಗ ಮರಗಳು ನನ್ನ ಎತ್ತರ ದಾಟಿದ್ದವು, ಹೂ ಮಾತ್ರ ಬಿಟ್ಟಿರಲಿಲ್ಲ. ಬೀಜದ ಹುಣಸೆ ಫಲ ಕೊಡೋಕೆ ಎಂಟು ಹತ್ತು ವರ್ಷ ಬೇಕಲ್ಲ. ನಾನು ಹೊರಟೆ, ಅವನು ಕಾಯುತ್ತಾ ಉಳಿದ. ನೌಕರಿಯಲ್ಲಿ ಹಾಗೇ ಅಲ್ವಾ, ಹೇಳಿದವನಿಗೆ ವರ್ಗ ಆಗುತ್ತೆ, ಕೇಳಿದವನಿಗೆ ಆಗಲ್ಲ.

ಆಮೇಲೆ ಹೊನ್ನಾಳಿ. ಆಗ ನ್ಯಾಮತಿಯೂ ಹೊನ್ನಾಳಿ ತಾಲೂಕೇ. ಅಲ್ಲಿನ ದಿನಗಳ ಬಗ್ಗೆ ಜಾಸ್ತಿ ಹೇಳಲ್ಲ, ತೆಂಗಿನ ನುಸಿಯದ್ದು ಮಾತ್ರ ಹೇಳಿಬಿಡ್ತೀನಿ. 1998-99ರ ಸುಮಾರಿಗೆ ಕೇರಳದ ಕಡೆಯಿಂದ ನುಸಿ ಪೀಡೆ ಬಂತು. ಕಣ್ಣಿಗೆ ಕಾಣದ ಹುಳ, ಕಾಯಿ ತೊಟ್ಟಿನ ಕೆಳಗೆ ಕೂತು ರಸ ಹೀರಿದರೆ ಕಾಯಿ ಮೈಯೆಲ್ಲ ಕಂದು ಹಕ್ಕಳೆ, ಗಾತ್ರ ಅರ್ಧ. ಪೆನ್ಸಿಲ್ ದಪ್ಪದ ಬೇರು ಹುಡುಕಿ, ಓರೆಯಾಗಿ ಕತ್ತರಿಸಿ, ಮೊನೋಕ್ರೋಟೋಫಾಸ್ ತುಂಬಿದ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ ಅಂತ ಹಳ್ಳಿ ಹಳ್ಳಿ ತಿರುಗಿ ತೋರಿಸಿದೆವು. ನಲವತ್ತೈದು ದಿನ ಆ ಮರದ ಕಾಯಿ, ಎಳನೀರು ಮುಟ್ಟಬೇಡಿ ಅಂತ ಗಂಟಲು ಹರಿಯೋ ಹಾಗೆ ಹೇಳ್ತಿದ್ದೆ. ರಾತ್ರಿ ಮಲಗಿದರೆ ಯಾವ ಮಗು ಯಾವ ಎಳನೀರು ಕುಡಿದಿದೆಯೋ ಅಂತ ಯೋಚನೆ. ಸ್ವಲ್ಪ ದಿನಕ್ಕೆ ಸಲಹೆ ಬೇವಿನ ಔಷಧಿಗೆ ಬದಲಾಯಿತು. ಮತ್ತೆ ಅದೇ ಹಳ್ಳಿಗೆ ಹೋಗಿ "ಅದು ಬೇಡ, ಇದು ಹಾಕಿ" ಅಂದೆ. "ಮೊದ್ಲು ಹೇಳಿದ್ದೂ ನೀವೇ ಅಲ್ವಾ ಸಾರ್?" ಅಂದರು. ಹೌದು, ನಾನೇ.

ಇನ್ನು ಚನ್ನಗಿರಿ. 2000 ದಾಟಿದ ಮೇಲೆ ನನ್ನ ಸ್ವಂತ ತಾಲೂಕಿಗೇ ಬಂದೆ. ಚನ್ನಗಿರಿ ಅಂದರೆ ಅಡಿಕೆ. ಸೆಪ್ಟೆಂಬರ್ ಆದಮೇಲೆ ನೀವು ಈ ಕಡೆ ಬಂದರೆ ಗೊತ್ತಾಗುತ್ತೆ, ಊರೆಲ್ಲ ಹಂಡೆಯಲ್ಲಿ ಬೇಯೋ ಅಡಿಕೆಯ ಚೊಗರಿನ ವಾಸನೆ, ಅಂಗಳ ರಸ್ತೆ ಎಲ್ಲಾ ಕಡೆ ಕೆಂಪಗೆ ಒಣಗೋ ರಾಶಿ, ರಸ್ತೆ ಬದಿಯಲ್ಲಿ ಸಿಪ್ಪೆ ಗುಡ್ಡೆ, ಅದಕ್ಕೆ ಯಾರೋ ಇಟ್ಟ ಬೆಂಕಿಯ ಹೊಗೆ. ಮಾರಾಟಕ್ಕೆ ತುಮ್ಕೋಸ್ ಇದೆ, ಖೇಣಿದಾರರು ಇದಾರೆ. ಅಡಿಕೆ ಹಾಕಿ ಅಂತ ನಾವು ಯಾರಿಗೂ ಹೇಳಲೇ ಇಲ್ಲ. ಅಡಿಕೆ ಪ್ರದೇಶ ಹೆಚ್ಚಿಸೋದು ಸರ್ಕಾರದ ನೀತಿಯೂ ಆಗಿರಲಿಲ್ಲ. ನಾವು ಹೇಳಿದ್ದು ಹನಿ ನೀರಾವರಿ ಮಾತ್ರ.

ಆಗ ಅಡಿಕೆಗೆ ಪಾತಿಯಲ್ಲಿ ನೀರು ಹಾಯಿಸೋದೇ ರೂಢಿ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಮರಕ್ಕೆ ನೂರೆಪ್ಪತ್ತೈದು ಲೀಟರ್ ಹತ್ತಿರ. ಹನಿಯಲ್ಲಾದರೆ ದಿನಕ್ಕೆ ಇಪ್ಪತ್ತು ಲೀಟರ್ ಸಾಕು, ಅರ್ಧಕ್ಕರ್ಧ ಉಳಿತಾಯ. ತ್ಯಾವಣಿಗೆ ಹತ್ತಿರದ ಒಬ್ಬ ರೈತ ಮೊದಮೊದಲು ಒಪ್ಪಲೇ ಇಲ್ಲ. "ಇದೇನ್ ಸಾರ್, ಹಸುಗೂಸಿಗೆ ಒಳ್ಳೆಯಲ್ಲಿ ಹಾಲು ಹಾಕ್ದಂಗೆ. ಮರಕ್ಕೆ ಗಂಟಲೂ ಒದ್ದೆ ಆಗಲ್ಲ" ಅಂತ ನಗಾಡಿದ. ಅವನ ಅರ್ಧ ಎಕರೆಗೆ ಜಗಳ ಮಾಡಿ ಪೈಪ್ ಹಾಕಿಸಿದೆ. ಮೂರು ದಿನ ಬಿಟ್ಟು ಹೋಗಿ ಡ್ರಿಪ್ಪರ್ ಪಕ್ಕದಲ್ಲಿ ಗುದ್ದಲಿಯಿಂದ ಗುಂಡಿ ತೆಗೆಸಿದೆ. ಮೇಲೆ ನೋಡಿದರೆ ತಟ್ಟೆಯಗಲ ಒದ್ದೆ, ಅಷ್ಟೇ. ಒಳಗೆ ನೋಡಿದರೆ ದೊಡ್ಡ ಈರುಳ್ಳಿ ಆಕಾರದಲ್ಲಿ ಎರಡಡಿ ಕೆಳಗಿನ ತನಕ ತೇವ, ಬೇರುಗಳೆಲ್ಲ ಅಲ್ಲೇ. ಅವನು ಆ ಮಣ್ಣನ್ನ ಕೈಯಲ್ಲಿ ಹಿಚುಕಿ ಹಿಚುಕಿ ನೋಡಿದ. ಏನೂ ಮಾತಾಡಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟ. ನನ್ನ ಇಡೀ ಸರ್ವೀಸಿನಲ್ಲಿ ಅದಕ್ಕಿಂತ ಸಂತೋಷದ ದಿನ ಇಲ್ಲ, ನಿಜ ಹೇಳ್ತೀನಿ.

ಅವನ ತೋಟ ತೋರಿಸಿ ಸುತ್ತಲಿನವರಿಗೆಲ್ಲ ಹಾಕಿಸಿದೆ. ಸಬ್ಸಿಡಿಯೂ ಬರುಬರುತ್ತಾ ಏರಿತು. ನಮ್ಮ ಸಾಧನೆಯ ಪಟ್ಟಿಯಲ್ಲಿ ಹೆಕ್ಟೇರುಗಳು ಏರುತ್ತಾ ಹೋದವು. ಎರಡು ಮೂರು ವರ್ಷ ಬಿಟ್ಟು ಅದೇ ರೈತನ ತೋಟಕ್ಕೆ ಹೋದರೆ, ಪಕ್ಕದ ಭತ್ತದ ಗದ್ದೆ ಇಲ್ಲ! ಅಲ್ಲೂ ಅಡಿಕೆ ಸಸಿ. "ನೀರು ಉಳೀತಲ್ಲ ಸಾರ್, ಸುಮ್ನೆ ಯಾಕೆ ಬಿಡದು ಅಂತ ಇನ್ನೊಂದೂವರೆ ಎಕರೆ ಹಾಕ್ದೆ. ಎಲ್ಲಾ ನಿಮ್ಮಿಂದ" ಅಂದ, ಕೃತಜ್ಞತೆಯಿಂದಲೇ. ನಾನು ಬೆನ್ನು ತಟ್ಟಿದೆ. ಹೊಸ ಒಂದೂವರೆ ಎಕರೆಗೂ ಅರ್ಜಿ ಬರೆಸಿದೆ.

ನನಗೆ ಅರ್ಥವಾಗಬೇಕಿತ್ತು ಆವತ್ತೇ. ಮರದ ಲೆಕ್ಕದಲ್ಲಿ ನೀರು ಉಳಿಯಿತು, ಊರಿನ ಲೆಕ್ಕದಲ್ಲಿ ಉಳಿಯಲಿಲ್ಲ. ಭತ್ತಕ್ಕೆ ಕಾಲುವೆ ನೀರು ಬಂದಾಗ ಬಂತು, ಇಲ್ಲದ ವರ್ಷ ಗದ್ದೆ ಬೀಳು ಬಿಟ್ಟರೆ ಮುಗಿಯಿತು. ಅಡಿಕೆಯನ್ನ ಬೀಳು ಬಿಡೋಕಾಗಲ್ಲ. ಭದ್ರಾ ಕಾಲುವೆಗೆ ಆನ್ ಅಂಡ್ ಆಫ್ ಅಂತ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿದರೆ ಮರ ಕೇಳಲ್ಲ. ಹಾಗಾಗಿ ಕಾಲುವೆ ಪಕ್ಕದ ಹೊಲದಲ್ಲೂ ಬೋರು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಾಯಿತು, ಎಂಟುನೂರಾಯಿತು. ಸಂತೆಬೆನ್ನೂರು ಸುತ್ತ ನಾನು ಹುಡುಗನಾಗಿದ್ದಾಗ ಕಲ್ಲು ಹೊಡೆದು ಕಾಯಿ ಬೀಳಿಸುತ್ತಿದ್ದ ಮಾವಿನ ತೋಪುಗಳು ಒಂದೊಂದೇ ಬೋಳಾಗಿ ಅಲ್ಲೂ ಅಡಿಕೆ ಬಂತು. ಮರಿಗೌಡರ ಒಣಭೂಮಿ ಪಾಠ ಹೇಳಿ ನೌಕರಿ ಶುರು ಮಾಡಿದವನು, ಮಾವು ಕಡಿದ ಜಾಗಕ್ಕೆ ಡ್ರಿಪ್ ಅಳೆಯೋಕೆ ಟೇಪು ಹಿಡಿದು ನಿಂತಿದ್ದೆ.

ಆದರೆ ತಪ್ಪು ಅಂತ ಹೇಳೋದು ಹೇಗೆ? 2014ರಲ್ಲಿ ರಾಶಿ ಅಡಿಕೆ ಕ್ವಿಂಟಾಲಿಗೆ ಎಪ್ಪತ್ತು ಸಾವಿರ ದಾಟಿತ್ತು. ಎಕರೆಗೆ ಹತ್ತು ಕ್ವಿಂಟಾಲ್ ಹಿಡಿಯಿರಿ, ಗುಣಾಕಾರ ನೀವೇ ಮಾಡಿ. ಆ ದುಡ್ಡಿನಲ್ಲಿ ಹೆಂಚಿನ ಮನೆಗಳಿಗೆ ತಾರಸಿ ಬಂತು. ಕೂಲಿಗೆ ಹೋಗುತ್ತಿದ್ದವರ ಮಕ್ಕಳು ಇಂಜಿನಿಯರಿಂಗ್ ಓದಿದರು. ಇದನ್ನು ಓದುತ್ತಿರುವವರಲ್ಲಿ ಕೆಲವರ ಫೀಸೂ ಅಡಿಕೆಯಿಂದಲೇ ಬಂದಿರಬಹುದು. ಯಾವ ಮಾವು ಕೊಡುತ್ತಿತ್ತು ಅಷ್ಟು?

ಇಲ್ಲೊಂದು ವಿಷಯ ಮುಚ್ಚಿಡೋದು ಸರಿಯಲ್ಲ. ನಮ್ಮ ಮನೆಯದ್ದೂ ಒಂದೂವರೆ ಎಕರೆ ಅಡಿಕೆ ಇದೆ. 2006ರಲ್ಲಿ ಹಾಕಿದ್ದು, ತಮ್ಮ ನೋಡಿಕೊಳ್ಳುತ್ತಾನೆ. ಅಲ್ಲಿ ಏಳು ಮಾವಿನ ಮರ ಇದ್ದವು, ನಮ್ಮಜ್ಜ ಹಾಕಿದ್ದು. ಕಡಿಸೋ ದಿನ ನಾನು ರಜಾ ಹಾಕಲಿಲ್ಲ, ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಸೌದೆ ಒಟ್ಟಿತ್ತು.

2016-17ರ ಬರದಲ್ಲಿ ಚನ್ನಗಿರಿ ರಸ್ತೆಗಳಲ್ಲಿ ಟ್ಯಾಂಕರುಗಳು ಸಾಲುಗಟ್ಟಿ ಓಡಾಡಿದವು, ಅಡಿಕೆ ತೋಟಕ್ಕೆ ನೀರು ಹೊತ್ತುಕೊಂಡು. 2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2024ರ ಏಪ್ರಿಲ್‌ನಲ್ಲಿ ನಮ್ಮ ಬೋರೂ ನಿಂತಿತು. ತಮ್ಮ ಟ್ಯಾಂಕರ್ ಹೇಳಿದ. ರಾತ್ರಿ ಹನ್ನೊಂದಕ್ಕೆ ಲಾರಿ ಬಂತು, ಹನ್ನೆರಡು ಸಾವಿರ ಲೀಟರ್. ಟಾರ್ಚ್ ಹಿಡಿದು ನಿಂತು ಆ ನೀರನ್ನ ತೊಟ್ಟಿಗೆ ಬಿಡಿಸುವಾಗ ನನಗೆ ಜಗಳೂರಿನ ಆ ಗಂಡ ಹೆಂಡತಿ ತಲೆ ಮೇಲೆ ಹೊತ್ತ ಬಿಂದಿಗೆ ನೆನಪಾದವು. ಅವರು ಹೊತ್ತಿದ್ದು ಎರಡು ಬೇಸಿಗೆ. ನನ್ನ ಮರಗಳಿಗೆ ಪ್ರತಿ ಬೇಸಿಗೆಯೂ ಬೇಕು.

ಹುಡುಗ ಮಾರನೇ ದಿನ ಸರಿಯಾಗಿ ಫೋನ್ ಮಾಡಿದ. ಹುಣಸೆ ಮರ ಹೇಗಿವೆ ಅಂತ ಮೊದಲು ಕೇಳಿದೆ. ಇವೆಯಂತೆ, ಮೂವತ್ತೊಂದೂ. "ಒಂದ್ವರ್ಷ ಬಿಟ್ಟು ಒಂದ್ವರ್ಷ ಕಾಯಿ ಸಾರ್. ಬಡ್ಸದು, ಸಿಪ್ಪೆ ಬೀಜ ತೆಗ್ಸದು, ಕೂಲಿಗೇ ಅರ್ಧ ಹೋಗ್ತತೆ. ಅಪ್ಪ ಸಾಲ ಅಂತೂ ಮಾಡ್ಲಿಲ್ಲ. ಆದ್ರೆ ನನ್ನ ಪಿಯುಸಿಗೇ ಬಿಡ್ಸಿದ." ಅವನು ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಗೂಡ್ಸ್ ಆಟೋ ಓಡಿಸಿ ಈಗ ಊರಿಗೆ ಬಂದಿದ್ದಾನೆ. ತುಂಗಭದ್ರೆಯಿಂದ ತಾಲೂಕಿನ 57 ಕೆರೆಗೆ ನೀರು ತರೋ ಯೋಜನೆಯಿಂದ ಅಲ್ಲಿ ಎಲ್ಲರಿಗೂ ಆಸೆ ಚಿಗುರಿದೆ. ಪಕ್ಕದ ಹೊಲದಲ್ಲಿ ಆಗಲೇ ಅಡಿಕೆ ಎದ್ದಿದೆ.

ನಾನು ಶುರು ಮಾಡಿದೆ. ಅಲ್ಲಿನ ಬಿಸಿಲು, ಒಣಗಾಳಿ, ಮಣ್ಣು, ಬೋರಿನ ಆಯಸ್ಸು, ಆರು ವರ್ಷ ಫಸಲಿಲ್ಲದೆ ಸಾಕಬೇಕಾದ್ದು. ಹೇಳುತ್ತಾ ಹೇಳುತ್ತಾ ನನಗೇ 1988ರ ನನ್ನ ದನಿ ಕೇಳಿಸಿತು. ಅವನು ಎಲ್ಲಾ ಕೇಳಿ, ಮರ್ಯಾದೆಯಿಂದಲೇ ಅಂದ, "ಸಾರ್, ನಿಮ್ಮದೂ ಐತಂತಲ್ಲ ಅಡಿಕೆ?"

ಐತೆ, ಅಂದೆ.

ಆಮೇಲೆ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಹಾಕು ಅನ್ನೋಕೂ ಬರಲಿಲ್ಲ. ಕೊನೆಗೆ, "ನೋಡು ತಮ್ಮಾ, ಈಗ ಬೋರಿನಲ್ಲಿ ಬರೋ ನೀರು ನೋಡಿ ಖುಷಿ ಪಡಬೇಡ. ಮೇ ತಿಂಗಳು ಬರಲಿ. ಇನ್ನೂರು ಲೀಟರಿನ ಡ್ರಮ್ ಇಟ್ಟು, ಮೋಟಾರು ಎರಡು ಗಂಟೆ ಓಡಿದ ಮೇಲೆ, ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಫೋನಿನಲ್ಲಿ ಟೈಮ್ ನೋಡು. ಒಂದು ವಾರ ಬಿಟ್ಟು ಇನ್ನೊಂದು ಸಲ ನೋಡು. ಆ ಲೆಕ್ಕ ಹೇಳು, ಗಿಡ ಎಷ್ಟು ಅಂತ ನಾನು ಹೇಳ್ತೀನಿ" ಅಂದೆ. ಇಷ್ಟು ಸಣ್ಣ ಕೆಲಸವನ್ನ ತ್ಯಾವಣಿಗೆಯವನಿಗೆ ನಾನು ಯಾಕೆ ಹೇಳಿಕೊಡಲಿಲ್ಲ ಅಂತ ಫೋನ್ ಇಟ್ಟ ಮೇಲೆ ಅನಿಸಿತು. ಅವನಿಗೆ ನಾನು ಮರಕ್ಕೆ ಎಷ್ಟು ನೀರು ಸಾಕು ಅಂತ ಹೇಳಿದ್ದೆ. ಅವನ ನೀರಿಗೆ ಎಷ್ಟು ಮರ ಸಾಕು ಅಂತ ಹೇಳಿರಲಿಲ್ಲ.

ಮೇ ಇಪ್ಪತ್ತಕ್ಕೆ ಫೋನ್ ಬಂತು. ಬರಲ್ಲ ಅಂದುಕೊಂಡಿದ್ದೆ. ಎರಡು ಸಲ ಅಳೆದಿದ್ದ, ಎರಡು ಸಲವೂ ನಾಲ್ಕು ನಿಮಿಷ. ಕಾಗದ ತಗೊಂಡು ಕೂತೆ. ನಿಮಿಷಕ್ಕೆ ಐವತ್ತು ಲೀಟರ್, ಗಂಟೆಗೆ ಮೂರು ಸಾವಿರ, ಏಳು ಗಂಟೆ ತ್ರೀ ಫೇಸ್ ಕರೆಂಟ್ ಸಿಕ್ಕರೆ ಇಪ್ಪತ್ತೊಂದು ಸಾವಿರ. ಒಂಬತ್ತು ಅಡಿಗೊಂದು ಹಾಕಿದರೆ ಎಕರೆಗೆ 540 ಗಿಡ, ದಿನಕ್ಕೆ ಹನ್ನೊಂದು ಸಾವಿರ ಲೀಟರ್ ಹತ್ತಿರ. ಹೆಚ್ಚುಕಡಿಮೆ ಎರಡು ಎಕರೆಗೆ ಸಾಲುತ್ತೆ!

ನಿಜ ಹೇಳಲಾ? ಲೆಕ್ಕ ಕಡಿಮೆ ಬರಲಿ ಅಂತ ಕಾಯುತ್ತಿದ್ದೆ ನಾನು. ಬೇಡ ಅಂತ ಲೆಕ್ಕವೇ ಹೇಳಿಬಿಟ್ಟರೆ ನಾನು ಹೇಳೋದು ತಪ್ಪುತ್ತಿತ್ತು. ಒಳ್ಳೆ ಮಳೆಯಾದ ಮರುವರ್ಷದ ನೀರು ಇದು, ಬರದ ವರ್ಷದ್ದಲ್ಲ ಅಂತ ಎರಡು ಸಲ ಹೇಳಿದೆ. ಅರ್ಧ ಎಕರೆ ಹಾಕು, ಮುಕ್ಕಾಲು ಎಕರೆಗಿಂತ ಜಾಸ್ತಿ ಬೇಡ, ಎಳೆ ಗಿಡಕ್ಕೆ ನೆರಳಿಗೆ ಬಾಳೆ ಇರಲಿ, ಪಡುವಣ ಬಿಸಿಲಿಗೆ ಏನಾದರೂ ಅಡ್ಡ ಮಾಡು ಅಂದೆ. ಹುಣಸೆಗೆ ಕೈ ಹಚ್ಚಬೇಡ, ಅದು ನಿಮ್ಮಪ್ಪ ಅವ್ವ ಹೊತ್ತ ನೀರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಆಯ್ತು ಸಾರ್, ನೀವು ಹೇಳ್ದಂಗೆ" ಅಂದ.

ಜೂನ್ ಕೊನೆಗೆ ಒಂದು ಫೋಟೋ ಕಳಿಸಿದ. ಟಾಟಾ ಏಸ್ ತುಂಬ ಅಡಿಕೆ ಸಸಿ, ಮೇಲೆ ಅವನ ಮಗಳು ಕೂತು ನಗುತ್ತಿದ್ದಾಳೆ. ಹಿಂದೆ ದೂರದಲ್ಲಿ ಹುಣಸೆ ಸಾಲು ಕಾಣುತ್ತೆ, ಒಂದು ಕೊನೆ ಮಾತ್ರ. ಗಾಡಿಯಲ್ಲಿ ಎಷ್ಟು ಸಸಿ ಇರಬಹುದು ಅಂತ ಕನ್ನಡಕ ಹಾಕಿಕೊಂಡು ಎಣಿಸೋಕೆ ನೋಡಿದೆ, ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು. ಎಷ್ಟು ತಂದೆ ಅಂತ ಅವನನ್ನ ನಾನು ಕೇಳಿಲ್ಲ.